ಮೂರನೇ ಗೇರಿನ ಏರು

ಟೇಬಲ್ ಟೆನಿಸ್ ಆಡುವ ಮೇಜು ಎರಡು ವರ್ಷದಿಂದ ಮನೆಯ ಹಜಾರದ ಗೋಡೆಗೆ ಒರಗಿ ನಿಂತಿತ್ತು. ಮಡಚಿಟ್ಟಿದ್ದರೂ ಅರ್ಧ ದಾರಿಯನ್ನು ಅದೇ ನುಂಗಿತ್ತು. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವವರು ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡಬೇಕು. ಮರೆತು ನೆಟ್ಟಗೆ ನಡೆದರೆ ಅದರ ಕಬ್ಬಿಣದ ಕಾಲು ಮೊಣಕಾಲಿಗೆ ಬಡಿದು ನೆನಪು ಮಾಡಿಕೊಡುತ್ತಿತ್ತು.

ಮೇಜು ಅತ್ತೆಯದು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ಸರ್ವೀಸು ಮುಗಿಸಿದ ಅತ್ತೆಗೆ ನಿವೃತ್ತಿಯಾದ ಮೇಲೂ ಕೂತು ಗೊತ್ತಿರಲಿಲ್ಲ. ತಮ್ಮ ಹಾಗೇ ನಿವೃತ್ತರಾದ ಇನ್ನೂ ಮೂವರು ಹೆಂಗಸರನ್ನು ಕಟ್ಟಿಕೊಂಡು ವಾರಕ್ಕೆ ಮೂರು ದಿನ ಎಲ್ಲೋ ಒಂದು ಸಂಘದ ಕೋಣೆಯಲ್ಲಿ ಬ್ಯಾಟು ಬೀಸಿ ಬರುತ್ತಿದ್ದರು. ಆ ಸಂಘದವರು ಕೋಣೆ ಮುಚ್ಚುವಾಗ ಮೇಜನ್ನು ಇವರಿಗೇ ಕೊಟ್ಟುಬಿಟ್ಟರು. ಅದನ್ನು ಹಾಕಬೇಕಾದ ಜಾಗ ಮನೆಯ ಪಕ್ಕದ ಶೆಡ್ಡು. ಶೆಡ್ಡಿನಲ್ಲಿ ಸೊಸೆಯ ಕಾರು ಇತ್ತು.

"ಕಾರು ಅನ್ಬೇಡ, ಕಾರಿನ ಸಾಮಾನು ಅನ್ನು," ಎಂದು ಅತ್ತೆ ತಿದ್ದುತ್ತಿದ್ದರು.

ಸೊಸೆಯನ್ನು ಬೀದಿಯವರೆಲ್ಲ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸು. ಗಂಡನೂ ಒಮ್ಮೊಮ್ಮೆ ಚೇಷ್ಟೆಗೆ "ಏನ್ ಸಿಸ್ಟರ್" ಎನ್ನುತ್ತಿದ್ದ. ಹೆಂಡತಿಯನ್ನು ಯಾರಾದರೂ ಹಾಗೆ ಕರೀತಾರೇನೋ ಎಂದು ತಾಯಿ ಹಣೆ ಚಚ್ಚಿಕೊಂಡರೂ ಬಿಡುತ್ತಿರಲಿಲ್ಲ. ಅವನು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಅರೆದು ಫ್ರೇಮಿಗೆ ಕೂರಿಸುವವನು. ಮಾತು ಕಡಿಮೆ, ಕೈ ಸಣ್ಣ, ಉಗುರು ಸದಾ ಸ್ವಚ್ಛ.

ಕಾರಿಗೆ ಹದಿನೇಳು ವರ್ಷ. ಎರಡು ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತಿರುವ, ಟರ್ಬೊ ಇಂಜಿನ್ನಿನ ಓಟದ ಕಾರು. ಹಿಂದಿನ ಮಾಲೀಕ ಎಣ್ಣೆ ನೋಡದೆ ಓಡಿಸಿ ಇಂಜಿನ್ನನ್ನು ಹೊಗೆ ಮಾಡಿಟ್ಟಿದ್ದ. ಕೆಂಪು ಬಣ್ಣ ಬಿಸಿಲಿಗೆ ಸತ್ತು ಹಳೇ ಇಟ್ಟಿಗೆಯಂತಾಗಿತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ಗೋಡೆಯ ಪಕ್ಕ ನಾಲ್ಕೂ ಟೈರು ಕುಸಿದು ನಿಂತಿದ್ದ ಅದನ್ನು ಸಿಸ್ಟರ್ ಒಂದು ವರ್ಷ ನೋಡಿದಳು, ಆಮೇಲೆ ಬಾಗಿಲು ತಟ್ಟಿ ಕೇಳಿ ತಂದುಬಿಟ್ಟಳು. ಗಂಡ ಅದಕ್ಕೆ ಕೆಂಪಿ ಎಂದು ಹೆಸರಿಟ್ಟ. ಯಾಕೆ ತಂದೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ.

"ಹತ್ತೊಂಬತ್ತು ವರ್ಷ ಇನ್ನೊಬ್ಬರ ಕೈಗೆ ಕತ್ತರಿ ಕೊಟ್ಟಿದ್ದೀನಿ. ಒಂದ್ಸಲ ನಾನೇ ಬಿಚ್ಚಿ ನಾನೇ ಹೊಲೀಬೇಕು."

ಬಿಚ್ಚಿದ್ದು ಮೂರು ವಾರದಲ್ಲಿ. ಹೊಲಿಗೆಗೆ ಎರಡು ವರ್ಷವಾಯಿತು.

ಅತ್ತೆಯ ತಾಳ್ಮೆ ತೀರಿದ್ದು ಆರು ವಾರದ ಹಿಂದೆ, ನಸುಕಿನಲ್ಲಿ ಮೇಜಿನ ಕಾಲಿಗೆ ತಮ್ಮ ನೋವಿನ ಮಂಡಿಯನ್ನೇ ಬಡಿಸಿಕೊಂಡ ದಿನ. ಅವತ್ತೇ ಶೆಡ್ಡಿಗೆ ಬಂದು, ಗೋಡೆಯ ಬಿಳಿ ಬೋರ್ಡಿನ ಮೂಲೆಯಲ್ಲಿ ಒಂದು ಭಾನುವಾರದ ತಾರೀಖು ಬರೆದು ಸುತ್ತ ಗೆರೆ ಎಳೆದರು. ಆ ಭಾನುವಾರದೊಳಗೆ ಕೆಂಪಿ ನೀರಿನ ಟ್ಯಾಂಕಿನ ಏರನ್ನು ಹತ್ತಬೇಕು. ಒಳಗೆ ಮೂರು ಜನ, ಮೂರನೇ ಗೇರು, ನಡುವೆ ನಿಲ್ಲುವಂತಿಲ್ಲ. ಹತ್ತಿದರೆ ಅದು ಮನೆ ಮುಂದೆ ಬೀದಿಯಲ್ಲಿ ಹೊದಿಕೆ ಹೊದ್ದು ನಿಲ್ಲಬಹುದು. ಹತ್ತದಿದ್ದರೆ ಲೇತಣ್ಣನ ಪಾಲು. ಓಡದ ಕಾರನ್ನು ಆ ಬೀದಿಯಲ್ಲಿ ನಿಲ್ಲಿಸಲು ನಗರಸಭೆಯವರು ಬಿಡುತ್ತಿರಲಿಲ್ಲ. ಬಂದು ಎತ್ತಿಕೊಂಡು ಹೋಗುತ್ತಿದ್ದರು. ಆದ್ದರಿಂದ ನಡುವಿನ ದಾರಿ ಎಂಬುದೇ ಇರಲಿಲ್ಲ.

"ಮೂರನೇ ಗೇರು ಯಾಕೆ ಅತ್ತೆ?"

"ನಮ್ಮ ಬಸ್ಸು ಐವತ್ತು ಜನ ತುಂಬ್ಕೊಂಡು ಎರಡನೇ ಗೇರಲ್ಲಿ ಹತ್ತುತಿತ್ತು. ನಿಂದು ಓಟದ ಕಾರಲ್ವಾ?"

ಲೇತಣ್ಣ ಎಂದರೆ ಬೀದಿಯ ಕೊನೆಯಲ್ಲಿ ಲೇತ್ ಇಟ್ಟುಕೊಂಡವನು. ಕೆಂಪಿಗೆ ಬೇಕಾದ ತುಂಡು ಕಬ್ಬಿಣಗಳನ್ನೆಲ್ಲ ಕಡೆದು ಕೊಟ್ಟವನು ಅವನೇ. ಕೊಡುವಾಗಲೆಲ್ಲ ಗೇರ್‌ಬಾಕ್ಸಿನ ಬೆನ್ನು ಸವರಿ ಹೋಗುತ್ತಿದ್ದ. ಅವನದೊಂದು ಅಂಥದೇ ಮುರುಕಲು ಕಾರು ಅಂಗಡಿಯ ಹಿಂದೆ ಗೇರ್‌ಬಾಕ್ಸಿಗಾಗಿ ಕಾಯುತ್ತಿತ್ತು.

ಶೆಡ್ಡಿನಲ್ಲಿ ಸಿಸ್ಟರಿನ ಪದ್ಧತಿ ಥಿಯೇಟರಿನದೇ. ಅಲ್ಲಿ ಹೊಟ್ಟೆಯನ್ನು ಹೊಲಿಯುವ ಮುಂಚೆ ಡಾಕ್ಟರು ತಲೆ ಎತ್ತದೆ "ಲೆಕ್ಕ?" ಎನ್ನುತ್ತಾರೆ. ಒಳಗೆ ಹೋದ ಹತ್ತಿಬಟ್ಟೆ, ಕತ್ತರಿ, ಸೂಜಿ ಎಲ್ಲ ಹೊರಗೆ ಬಂದಿದೆಯೇ ಎಂದು ಎಣಿಸಿ ನರ್ಸು "ಸರಿ ಇದೆ" ಎನ್ನುವವರೆಗೆ ಒಂದು ಹೊಲಿಗೆ ಬೀಳುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಹೊಸಬರಿಗೆ ಪಾಠ ಹೇಳುವಾಗ ಡಾಕ್ಟರುಗಳೇ ಅವಳ ಕಡೆ ಕೈ ತೋರಿಸುತ್ತಿದ್ದರು. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಮರೆತೂ ಇರಲಿಲ್ಲ.

ಹಾಗಾಗಿ ಕೆಂಪಿಯ ಇಂಜಿನ್ನಿಗೂ ಅದೇ ಕಟ್ಟಳೆ. ಬಿಚ್ಚಿದ ಪೈಪುಗಳ ಬಾಯಿಗೆ ಧೂಳು ಹೋಗದಂತೆ ಕಟ್ಟಲು ಹಳೇ ಹಾಸಿಗೆ ಹೊದಿಕೆಯಿಂದ ಹದಿನೈದು ತುಂಡು ಕತ್ತರಿಸಿದ್ದಳು. ಒಂದೊಂದರ ಮೂಲೆಗೂ ಕೆಂಪು ದಾರದಲ್ಲಿ ನಂಬರು ಹೊಲಿದಿದ್ದಳು. ಯಾವ ಬಟ್ಟೆ ಯಾವ ಬಾಯಿಗೆ ಹೋಯಿತು, ಯಾವಾಗ ವಾಪಸು ಬಂತು ಎಲ್ಲ ಬೋರ್ಡಿನ ಮೇಲೆ. ಬೋಲ್ಟುಗಳು ಮಾತ್ರೆ ಡಬ್ಬಿಗಳಲ್ಲಿ. ಬಾನೆಟ್ ಮುಚ್ಚುವ ಮುಂಚೆ ಗಂಡ "ಲೆಕ್ಕ?" ಎನ್ನಬೇಕು. ಅವಳು ಬೋರ್ಡು ನೋಡಿ "ಸರಿ ಇದೆ" ಎನ್ನಬೇಕು. ಮೊದಮೊದಲು ಗಂಡ ನಕ್ಕ. ಆಮೇಲೆ ಅವನಿಗೂ ಅದು ಹಿಡಿಸಿ, ಊಟದ ಡಬ್ಬಿ ಮುಚ್ಚುವಾಗಲೂ "ಲೆಕ್ಕ?" ಎನ್ನತೊಡಗಿದ.

ಈ ಲೆಕ್ಕದ ಮನೆಯಲ್ಲೇ ಅತ್ತೆಯ ಮಂಡಿ ಪಟ್ಟಿ ಒಂದು ಕಳೆದುಹೋಗಿತ್ತು. ಮೊಣಕಾಲಿಗೆ ಏರಿಸಿಕೊಳ್ಳುವ, ಕಂದು ಬಣ್ಣದ, ದಪ್ಪ ಇಲಾಸ್ಟಿಕ್ಕಿನ ಜೋಡಿ; ಅದರಲ್ಲಿ ಒಂದು. ಕಳೆದು ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಅತ್ತೆ ಉಳಿದೊಂದನ್ನು ಯಾವ ಮಂಡಿ ಜಾಸ್ತಿ ನೋಯುತ್ತದೋ ಆ ಮಂಡಿಗೆ ಹಾಕಿಕೊಂಡು, ದೂರದ ಇನ್ನೊಂದು ಕ್ಲಬ್ಬಿಗೆ ಹೋಗಿ ಆಡುತ್ತಿದ್ದರು, ಸೋತು ಬಂದಾಗಲೆಲ್ಲ ಮಗನ ಮೇಲೆ ಹರಿಹಾಯುತ್ತಿದ್ದರು.

"ನೀನೇ ಕಣೋ ಎಣ್ಣೆ ಒರೆಸಿ ಎಸೆದಿರೋದು. ನಿನ್ನ ಮುಖದಲ್ಲೇ ಬರೆದಿದೆ."

"ನನ್ನ ಮುಖದಲ್ಲಿ ಕನ್ನಡಕ ಬಿಟ್ಟು ಏನೂ ಇಲ್ಲಮ್ಮ."

ಗಡುವಿನ ವಾರದ ಗುರುವಾರ ಮಧ್ಯಾಹ್ನ ಕೆಂಪಿ ಮೊದಲ ಸಲ ಶೆಡ್ಡಿನಿಂದ ಹೊರಗೆ ಬಂತು. ಹೊಸ ಪಿಸ್ಟನ್ ರಿಂಗು, ಹೊಸ ಗ್ಯಾಸ್ಕೆಟ್, ಮೊದಲಿದ್ದದ್ದಕ್ಕಿಂತ ದೊಡ್ಡ ಸೈಲೆನ್ಸರ್ ಪೈಪು. ಟರ್ಬೊ ಊದುವ ಬಿಸಿಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಎಂಬ ಜಾಲರಿಪೆಟ್ಟಿಗೆಯೂ ಹಳೆಯದರ ಎರಡರಷ್ಟು ದೊಡ್ಡದು. ಅದನ್ನು ಕೂರಿಸಲು ಮುಂದಿನ ಬಂಪರನ್ನೇ ಒಳಗಿಂದ ಕೊರೆದಿದ್ದಳು. ಸ್ಟಿಯರಿಂಗಿನ ಪಕ್ಕ ಒಂದು ದುಂಡು ಮೀಟರು. ಟರ್ಬೊ ಇಂಜಿನ್ನಿಗೆ ಎಷ್ಟು ಗಾಳಿ ತಳ್ಳುತ್ತಿದೆ ಎಂದು ಅದರ ಮುಳ್ಳು ಹೇಳಬೇಕು.

ಚಪ್ಪಟೆ ರಸ್ತೆಯಲ್ಲಿ ಕೆಂಪಿ ಬೆಣ್ಣೆಯ ಹಾಗೆ ಹೋಯಿತು. ಗಂಡ ಕಿಟಕಿಯಿಂದ ಕೈ ಹೊರಗೆ ಇಟ್ಟು ಗಾಳಿ ಹಿಡಿಯುತ್ತ ಕೂತ. ಔಷಧಿ ಅಂಗಡಿ ದಾಟಿ ಟ್ಯಾಂಕಿನ ಏರು ಶುರುವಾಯಿತು. ಮೂರನೇ ಗೇರು. ಅವಳು ಆಕ್ಸಿಲರೇಟರನ್ನು ತಳದವರೆಗೆ ಒತ್ತಿದಳು. ಮುಂದಿನಿಂದ ಬುಸ್ ಎಂದು ಉಸಿರು ಕಟ್ಟಿದ ಸದ್ದು. ಮೀಟರಿನ ಮುಳ್ಳು ಸೊನ್ನೆಯಲ್ಲಿ ಮಲಗಿದ್ದು ಮಲಗಿದ ಹಾಗೇ ಇತ್ತು. ಕಾರು ನಿಧಾನವಾಯಿತು, ಇನ್ನೂ ನಿಧಾನವಾಯಿತು. ಕೈಚೀಲ ಹಿಡಿದು ಏರು ಹತ್ತುತ್ತಿದ್ದ ಮುದುಕರೊಬ್ಬರು ಅದನ್ನು ಹಿಂದೆ ಹಾಕಿ ನಾಲ್ಕು ಹೆಜ್ಜೆ ಮುಂದೆ ಹೋದರು. ಮತ್ತೆ ತಿರುಗಿ ಬಂದು ಕಿಟಕಿಗೆ ಬಗ್ಗಿದರು.

"ತಳ್ಳಬೇಕೇನಮ್ಮ?"

"ಬೇಡ," ಅಂದಳು ಸಿಸ್ಟರ್. ಅಷ್ಟರಲ್ಲಿ ಇಂಜಿನ್ ನಿಂತಿತ್ತು.

ಇಬ್ಬರೂ ರಿವರ್ಸಿನಲ್ಲಿ ಇಳಿದು ಮನೆಗೆ ಬಂದರು. ದಾರಿಯಲ್ಲಿ ಅವಳು ಒಂದೇ ಮಾತಾಡಿದ್ದು: "ಟರ್ಬೊ."

ಟರ್ಬೊ ಗಂಡನ ಕೆಲಸ. ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗಿ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಇಂಜಿನ್ನಿಗೆ ಗಾಳಿ ಊದುವ ಯಂತ್ರ ಅದು. ಮುಷ್ಟಿಯಷ್ಟಿದ್ದರೂ ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತದೆ. ಕೂದಲೆಳೆಯಷ್ಟು ಓರೆಯಾದರೂ ಮುಗಿಯಿತು. ಇಡೀ ಕಾರಿನಲ್ಲಿ ಗಂಡ ತಾನಾಗಿ ಕೇಳಿ ತೆಗೆದುಕೊಂಡದ್ದು ಅದೊಂದೇ. ಊಟದ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಗಾಜು ಅಳೆಯುವ ಸಲಕರಣೆ ಅಂಗಡಿಯಿಂದ ತಂದು, ಹನ್ನೊಂದು ಸಂಜೆ ಕೂತು ಬೇರಿಂಗು, ಸೀಲು ಎಲ್ಲ ಬದಲಿಸಿದ್ದ. ಮುಗಿದ ಮೇಲೆ ಬೆರಳಿನಿಂದ ಮೀಟಿದರೆ ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಅವನು ಅದನ್ನು ನೋಡುತ್ತ ಕೂತಿದ್ದಾಗ ಊಟ ಆರಿಹೋಗಿತ್ತು.

"ಇನ್ನೊಂದ್ಸಲ ಬಿಚ್ರಿ," ಅಂದಳು.

ಶುಕ್ರವಾರ ಅವನು ಅಂಗಡಿಗೆ ರಜೆ ಹಾಕಿ ಬಿಚ್ಚಿದ. ಅಳೆದ. ಕಡ್ಡಿ ಆಡುತ್ತಿರಲಿಲ್ಲ, ಸೀಲು ಸೋರುತ್ತಿರಲಿಲ್ಲ, ಚಕ್ರದ ಒಂದು ರೆಕ್ಕೆಗೂ ಗೀರಿರಲಿಲ್ಲ. ವಾಪಸು ಕೂರಿಸಿದ. ಸಂಜೆ ಮತ್ತೆ ಏರಿಗೆ ಹೋದರು. ಅದೇ ಬುಸ್, ಅದೇ ಸೊನ್ನೆ. ಈ ಸಲ ಮುದುಕರು ಇರಲಿಲ್ಲ, ಅದೊಂದು ಪುಣ್ಯ.

"ನನ್ನ ಕೆಲಸ ಸರಿ ಇದೆ ಕಣೆ," ಅಂದ ಗಂಡ.

"ಸರಿ ಇದ್ರೆ ಮುಳ್ಳು ಯಾಕೆ ಏಳ್ತಿಲ್ಲ?"

"ಅದು ಬೇರೆ ಪ್ರಶ್ನೆ."

"ಅದೇ ಪ್ರಶ್ನೆ ಕಣ್ರೀ. ಗಾಜು ಉಜ್ಜಿದ ಹಾಗಲ್ಲ ಇದು."

ಆ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಸರಿ ಎನಿಸಲಿಲ್ಲ. ಗಂಡ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. ಅವನಿಗೆ ನೋವಾದಾಗ ಹಾಗೇ ಮಾಡುತ್ತಿದ್ದ. ಹನ್ನೆರಡು ವರ್ಷದ ಸಂಸಾರದಲ್ಲಿ ಅಷ್ಟನ್ನು ಅವಳು ಕಲಿತಿದ್ದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆಲ್ಲ ಲೇತಣ್ಣ ಶೆಡ್ಡಿನ ಬಾಗಿಲಲ್ಲಿ ಹಾಜರು. ಕೈಯಲ್ಲಿ ಅಳತೆ ಟೇಪು ಇತ್ತು.

"ಯಾರಾದ್ರೂ ಸಾಯೋ ಮುಂಚೆ ಅಳತೆ ತಗೊಳ್ತಾರೇನಪ್ಪ?" ಅಂದರು ಅತ್ತೆ. ಅವರು ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು, ಕಾಲು ನೀಡಿ, ಒಂಟಿ ಮಂಡಿ ಪಟ್ಟಿಯನ್ನು ಬಲಗಾಲಿನಿಂದ ಎಡಗಾಲಿಗೆ ವರ್ಗ ಮಾಡುತ್ತಿದ್ದರು.

"ಇಲ್ಲಮ್ಮ, ಸುಮ್ನೆ. ಗೇರ್‌ಬಾಕ್ಸು ನಮ್ಮದಕ್ಕೆ ಕೂರುತ್ತಾ ಅಂತ." ಲೇತಣ್ಣ ಸ್ವಲ್ಪ ನಾಚಿಕೊಂಡ, ಆದರೆ ಟೇಪು ಒಳಗಿಡಲಿಲ್ಲ. "ಸಿಸ್ಟರ್, ಟರ್ಬೊ ಸತ್ತಿದೆ ಬಿಡಿ. ಮನೇಲಿ ಕೂತು ಮಾಡೋ ಕೆಲಸ ಅಲ್ಲ ಅದು."

ಗಂಡ ಬಾನೆಟ್ಟಿನೊಳಗೆ ತಲೆ ಹಾಕಿದ್ದವನು ಹೊರಗೆ ತೆಗೆಯಲಿಲ್ಲ. "ಕೆಂಪೀನ ಸ್ಟಾರ್ಟ್ ಮಾಡೇ. ಜೋರಾಗಿ ಒತ್ತು," ಅಂದ.

ಅವಳು ಒಳಗೆ ಕೂತು ಒತ್ತಿದಳು. ಶೆಡ್ಡಿನ ತಗಡು ಗಡಗಡ ಅಂತು.

"ಇನ್ನೂ."

ಒತ್ತಿದಳು.

"ಸಾಕು. ಅಲ್ಲೇ ಇರು. ನೀನು ಬಾ ಲೇತಣ್ಣ, ಅವಳು ಇನ್ನೊಂದ್ಸಲ ಒತ್ತಲಿ, ನೀನು ಇಲ್ಲಿ ಕೈ ಇಡು."

ಟರ್ಬೊದಿಂದ ಹೊರಟು ಇಂಟರ್‌ಕೂಲರಿನ ಕಡೆ ಇಳಿಯುವ ಕಬ್ಬಿಣದ ಪೈಪಿಗೆ ಶುರುವಿನಲ್ಲಿ ಒಂದು ಗೇಣು ರಬ್ಬರು ಜೋಡಣೆಯಿತ್ತು. ಆಕ್ಸಿಲರೇಟರು ಒತ್ತಿದಾಗ ಆ ರಬ್ಬರು ಕಪ್ಪೆಯ ಗಂಟಲಿನ ಹಾಗೆ ಉಬ್ಬುತ್ತಿತ್ತು. ಬಿಟ್ಟರೆ ಇಳಿಯುತ್ತಿತ್ತು. ಲೇತಣ್ಣ ಕೈ ಇಟ್ಟು ನೋಡಿ "ಓಹೋ" ಅಂದ.

"ಟರ್ಬೊ ಊದ್ತಾ ಇದೆ," ಅಂದ ಗಂಡ. ಎರಡು ದಿನದಲ್ಲಿ ಮೊದಲ ಸಲ ಅವನ ದನಿ ಸ್ವಲ್ಪ ಏರಿತ್ತು. "ಇಲ್ಲಿ ತನಕ ಗಾಳಿ ಬರ್ತಿದೆ. ಮುಂದಕ್ಕೆ ಹೋಗ್ತಿಲ್ಲ. ಪೈಪಲ್ಲಿ ಏನೋ ಕೂತಿದೆ."

"ಏನೂ ಕೂತಿಲ್ಲ." ಸಿಸ್ಟರ್ ಇಂಜಿನ್ ಆರಿಸಿ ಬೋರ್ಡಿನ ಹತ್ತಿರ ಬಂದಳು. "ನೋಡಿ. ಆ ಪೈಪಿನ ಬಾಯಿಗೆ ಕಟ್ಟಿದ್ದು ಒಂಬತ್ತನೇ ನಂಬರು. ಹೋದ ತಾರೀಖು ಇಲ್ಲಿದೆ, ಬಂದ ತಾರೀಖು ಇಲ್ಲಿದೆ. ಒಂಬತ್ತನೇ ನಂಬರು ಬಟ್ಟೆ ಅಗೋ, ಹಗ್ಗದ ಮೇಲಿದೆ. ಹದಿನೈದು ಹೋಗಿದ್ದು, ಹದಿನೈದು ಬಂದಿದ್ದು. ನೀವೇ ಲೆಕ್ಕ ಕೇಳಿದ್ರಿ, ನಾನೇ ಸರಿ ಇದೆ ಅಂದೆ."

"ಅಂದೆ. ಆದ್ರೂ ಒಂದ್ಸಲ ಪೈಪು ಬಿಚ್ಚಿ ನೋಡೋಣ."

"ಅದನ್ನ ಬಿಚ್ಚಬೇಕು ಅಂದ್ರೆ ಬಂಪರ್ ಇಳಿಸ್ಬೇಕು, ಇಂಟರ್‌ಕೂಲರ್ ಇಳಿಸ್ಬೇಕು. ನಾಳೆ ಭಾನುವಾರ. ಇಲ್ಲದೇ ಇರೋದನ್ನ ಹುಡುಕ್ತಾ ಕೂತ್ರೆ ಇರೋ ತೊಂದರೆ ಹಾಗೇ ಇರುತ್ತೆ."

"ಬೋರ್ಡಲ್ಲಿ ಇಲ್ಲ ಅಂದ ಮಾತ್ರಕ್ಕೆ..."

"ಬೋರ್ಡು ಸುಳ್ಳು ಹೇಳಲ್ಲ!"

ಲೇತಣ್ಣ ಟೇಪನ್ನು ಸರ್ರನೆ ಒಳಗೆ ಬಿಟ್ಟುಕೊಂಡ. ಅತ್ತೆ ಮಂಡಿಯನ್ನು ಒತ್ತಿಕೊಳ್ಳುತ್ತ, ಅದು ತಮಗೆ ಸಂಬಂಧವಿಲ್ಲದ ವಿಚಾರ ಎನ್ನುವ ಹಾಗೆ ಅಂದರು:

"ನೀನು ಎಣಿಸಿದ್ದು ಟಿಕೆಟ್ಟು ಕಣೆ."

"ಏನತ್ತೆ?"

"ಬಸ್ಸಲ್ಲಿ ಹೊಸ ಕಂಡಕ್ಟರುಗಳು ಮಾಡೋದೇ ಇದು. ಕೊಟ್ಟಿದ್ದು ನಲವತ್ತು ಟಿಕೆಟ್ಟು, ಇಳಿದೋರು ನಲವತ್ತು ಜನ, ಲೆಕ್ಕ ಸರಿ ಇದೆ ಅಂತ ಆರಾಮಾಗಿ ಕೂತ್ಕೊಳ್ತಾರೆ. ಚೆಕಿಂಗ್‌ನೋರು ಹತ್ತಿದಾಗ ಹಿಂದಿನ ಸೀಟಿನ ಮೂಲೆಯಿಂದ ಒಬ್ಬ ಕಣ್ಣುಜ್ಜಿಕೊಂಡು ಏಳ್ತಾನೆ. ಟಿಕೆಟ್ ಇಲ್ಲದೋನು ಟಿಕೆಟ್ ಲೆಕ್ಕದಲ್ಲಿ ಹೇಗೆ ಸಿಗ್ತಾನೆ? ತಲೆ ಎಣಿಸ್ಬೇಕು, ತಲೆ. ನಿನ್ನ ಬೋರ್ಡಲ್ಲಿ ನಂಬರಿರೋ ಬಟ್ಟೆ ಮಾತ್ರ ಇದೆ. ನಂಬರಿಲ್ಲದ್ದು ಹತ್ತಿದ್ರೆ?"

"ನಂಬರಿಲ್ಲದ್ದನ್ನ ಯಾರು ಹತ್ತಿಸ್ತಾರೆ? ಈ ಶೆಡ್ಡಲ್ಲಿ ನಾನು..."

ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಅತ್ತೆಯ ಎಡಗಾಲಿನ ಮೇಲಿತ್ತು.

ಹದಿನಾಲ್ಕು ತಿಂಗಳ ಹಿಂದೆ. ಪೈಪಿನ ಅಳತೆ ನೋಡಲೆಂದು ಕೂರಿಸಿದ್ದ ಟರ್ಬೊವನ್ನು ಆಗಷ್ಟೇ ಮತ್ತೆ ಬಿಚ್ಚಿ ಕೆಳಗಿಟ್ಟಿದ್ದಳು. ಗಂಡ ಮನೆಯಲ್ಲಿರಲಿಲ್ಲ. ಪೈಪಿನ ಬಾಯಿ ಆಕಾಶ ನೋಡುತ್ತ ತೆರೆದಿತ್ತು. ಆಗ ಆಸ್ಪತ್ರೆಯಿಂದ ಫೋನು. ತಕ್ಷಣ ಬನ್ನಿ, ಕೈ ಸಾಲುತ್ತಿಲ್ಲ. ನಂಬರಿನ ಬಟ್ಟೆಗಳೆಲ್ಲ ಒಗೆಯಲು ನೆನೆಯುತ್ತಿದ್ದವು. ಅವಳು ಬಾಗಿಲ ಬಳಿ ಮನೆಯವರ ಬಟ್ಟೆ ಒಣಹಾಕುವ ಹಗ್ಗಕ್ಕೆ ಕೈ ಹಾಕಿ, ಕೈಗೆ ಸಿಕ್ಕಿದ್ದನ್ನು ಎಳೆದು, ಸುರುಳಿ ಸುತ್ತಿ, ಬಾಯಿಗೆ ತುರುಕಿ ಓಡಿದ್ದಳು. ತುರುಕಿದ್ದು ದಪ್ಪವಾಗಿತ್ತು, ಮೆತ್ತಗಿತ್ತು, ಎಳೆದರೆ ಹಿಗ್ಗುತ್ತಿತ್ತು. ಬಾಯಿಯಲ್ಲಿ ನಿಲ್ಲದೆ ಸ್ವಲ್ಪ ಕೆಳಗೆ ಜಾರಿದ್ದೂ ಈಗ ನೆನಪಿಗೆ ಬಂತು. ಮರುದಿನ ಗಂಡ ಅದೇ ಬಾಯಿಗೆ ಮೇಲಿನಿಂದ ಒಂಬತ್ತನೇ ನಂಬರು ಕಟ್ಟಿ, ಬೋರ್ಡಿನ ಮೇಲೆ ಒಪ್ಪವಾಗಿ ಬರೆದಿದ್ದ.

ಅವಳು ಬೋರ್ಡಿಗೆ ಬೆನ್ನು ಹಾಕಿ ಬಾನೆಟ್ಟಿನ ಹತ್ತಿರ ಬಂದಳು.

"ಆ ರಬ್ಬರ್ ಬಿಚ್ರಿ," ಅಂದಳು. "ಬಂಪರ್ ಬೇಡ. ಮೇಲಿಂದಲೇ."

ಗಂಡ ಎರಡು ಕ್ಲಿಪ್ಪು ಸಡಿಲಿಸಿ ರಬ್ಬರನ್ನು ಪಕ್ಕಕ್ಕೆ ಸರಿಸಿದ. ಅವಳು ಸಾಮಾನಿನ ತಟ್ಟೆಯಿಂದ ಉದ್ದನೆಯ ಚಿಮಟ ಎತ್ತಿಕೊಂಡಳು; ಬಾಯಿ ಸೊಟ್ಟಗಾಗಿದೆ ಎಂದು ಥಿಯೇಟರಿನಿಂದ ನಿವೃತ್ತಿಯಾದದ್ದು. ಪೈಪಿನೊಳಗೆ ಇಳಿಸಿದಳು. ಗೇಣುದ್ದ ಹೋಯಿತು, ಇನ್ನೂ ಸ್ವಲ್ಪ ಹೋಯಿತು, ಮೊದಲ ತಿರುವಿನಲ್ಲಿ ಏನೋ ಮೆತ್ತಗೆ ತಾಗಿತು. ಹಿಡಿದು, ತಿರುಚಿ, ಮೆಲ್ಲಗೆ ಎಳೆದಳು. ಹತ್ತೊಂಬತ್ತು ವರ್ಷದಲ್ಲಿ ಡಾಕ್ಟರುಗಳು ಎಳೆಯುವುದನ್ನು ನೋಡಿದ್ದಳೇ ಹೊರತು ಎಳೆದಿರಲಿಲ್ಲ. ಅದು ಮೊದಲು ಬರಲಿಲ್ಲ, ಆಮೇಲೆ ಒಮ್ಮೆಗೇ ಪಟ್ಟನೆ ಬಂತು. ಎಣ್ಣೆ ಕುಡಿದು ಕಪ್ಪಾಗಿ, ಗಾಳಿಯ ಪೆಟ್ಟಿಗೆ ಗಂಟು ಗಂಟಾದ ಒಂದು ಸುರುಳಿ. ಅವಳು ಅದನ್ನು ತಟ್ಟೆಯಲ್ಲಿ ಹಾಕಿದ್ದೇ ತಡ, ಅದು ತಾನಾಗಿ ಬಿಚ್ಚಿಕೊಂಡು ತನ್ನ ಆಕಾರಕ್ಕೆ ಬಂತು.

ಅತ್ತೆ ಸ್ಟೂಲಿನಿಂದ ಎದ್ದೇಬಿಟ್ಟರು. "ನನ್ನ ಮಂಡಿ ಪಟ್ಟಿ!" ಆಮೇಲೆ ಉಸಿರು ಎಳೆದುಕೊಂಡು ಮಗನ ಕಡೆ ತಿರುಗಿದರು. "ನಾನು ಹೇಳಲಿಲ್ವೇನೋ? ಹದಿನಾಲ್ಕು ತಿಂಗಳಿಂದ ಹೇಳ್ತಿದ್ದೀನಿ, ನೀನೇ ಅಂತ. ನಿಂಗೆ ತುರುಕಕ್ಕೆ ಬೇರೆ ಏನೂ ಸಿಗಲಿಲ್ವಾ? ನಿಮ್ಮಪ್ಪನ ಬುದ್ಧಿ..."

ಗಂಡ ಕನ್ನಡಕ ತೆಗೆದು ಅಂಗಿಯ ತುದಿ ಹುಡುಕಿದ. ತಾನು ತುರುಕಿಲ್ಲವೆಂದು ಅವನಿಗೆ ಗೊತ್ತು. ಮತ್ತೆ ಯಾರು ಎನ್ನುವುದೂ ಅಷ್ಟರಲ್ಲಿ ಗೊತ್ತಾಗಿತ್ತು. ಸುಮ್ಮನಿದ್ದ. ಒಂದು ನಿಮಿಷ ಅವಳೂ ಸುಮ್ಮನಿದ್ದರೆ ಅತ್ತೆ ಬೈದು ಮುಗಿಸುತ್ತಿದ್ದರು, ಲೇತಣ್ಣ ನಕ್ಕು ಮನೆಗೆ ಹೋಗುತ್ತಿದ್ದ, ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಬೈಗುಳ ತಿಂದು ಗಂಡನಿಗೆ ಅಭ್ಯಾಸವೂ ಇತ್ತು.

ಆದರೆ ಲೆಕ್ಕ ತಪ್ಪಿದ್ದನ್ನು ಕಂಡವಳು ಕಂಡ ಕ್ಷಣವೇ ಬಾಯಿಬಿಟ್ಟು ಹೇಳಬೇಕು ಎನ್ನುವುದು ಥಿಯೇಟರಿನ ಕಟ್ಟಳೆ. ಯಾರ ಮುಖ ಕೆಡುತ್ತದೆ ಎಂದು ಅಲ್ಲಿ ನೋಡುವ ಹಾಗಿಲ್ಲ. ಹೊಸ ನರ್ಸುಗಳಿಗೆ ಅವಳೇ ಅದನ್ನು ನೂರು ಸಲ ಹೇಳಿದ್ದಳು.

"ಅತ್ತೆ, ಅವರಲ್ಲ," ಅಂದಳು. "ನಾನು. ನಾನೇ ತುರುಕಿದ್ದು. ಹಗ್ಗದಿಂದ ಎಳೆದು ತುರುಕಿ ಡ್ಯೂಟಿಗೆ ಓಡಿದೆ. ಬರೆಯಲಿಲ್ಲ. ಆಮೇಲೆ ಮರೆತೇಹೋಯ್ತು."

ಹದಿನಾಲ್ಕು ತಿಂಗಳ ಬೈಗುಳ ತಪ್ಪು ವಿಳಾಸಕ್ಕೆ ಹೋಗಿತ್ತು. ಅದನ್ನು ವಾಪಸು ತರುವುದು ಹೇಗೆಂದು ಅತ್ತೆಗೆ ಹೊಳೆಯಲಿಲ್ಲ.

ಸಿಸ್ಟರ್ ಗಂಡನ ಕಡೆ ತಿರುಗಿದಳು. "ಟರ್ಬೊ ಸರಿ ಇತ್ತು. ಮೊದಲನೇ ದಿನದಿಂದ ಸರಿ ಇತ್ತು. ಗಾಜು ಉಜ್ಜೋದು ಅಂದಿದ್ದು ತಪ್ಪಾಯ್ತು."

"ಆಯ್ತು ಬಿಡು," ಅಂದ ಗಂಡ. ಕನ್ನಡಕ ಹಾಕಿಕೊಂಡ. ಅವನ ತುಟಿಯ ಮೂಲೆ ಅಲುಗಾಡತೊಡಗಿತ್ತು. "ಹೊಟ್ಟೆಯೊಳಗೆ ಮಂಡಿ ಪಟ್ಟಿ. ನಿಮ್ಮ ಆಸ್ಪತ್ರೇಲಿ ಇದಕ್ಕೆ ಏನಂತಾರೆ ಸಿಸ್ಟರ್?"

ಮೊದಲು ನಕ್ಕವನು ಲೇತಣ್ಣ. ಆಮೇಲೆ ಅತ್ತೆ. ಗಂಡ ಬಂಪರಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವಳಿಗೆ ನಗು ಬರಲು ಸ್ವಲ್ಪ ತಡವಾಯಿತು. ಹತ್ತೊಂಬತ್ತು ವರ್ಷದ ಲೆಕ್ಕ ಅಷ್ಟು ಬೇಗ ಗಂಟಲಿನಿಂದ ಇಳಿಯುವುದಿಲ್ಲ. ಆದರೆ ಅತ್ತೆ ಆ ಕಪ್ಪು ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇಲಾಸ್ಟಿಕ್ಕನ್ನು ಎಳೆದು ನೋಡಿ, "ಬಿಗಿ ಇನ್ನೂ ಇದೆ ಕಣೆ, ಒಳ್ಳೇ ಮಾಲು" ಅಂದಾಗ ಅವಳಿಗೂ ತಡೆಯಲಾಗಲಿಲ್ಲ.

"ಹಾಗಾದ್ರೆ ಗೇರ್‌ಬಾಕ್ಸು..." ಅಂದ ಲೇತಣ್ಣ.

"ನಾಳೆ ನೋಡೋಣ," ಅಂದರು ಅತ್ತೆ. "ಇನ್ನೂ ಹತ್ತಿಲ್ಲ. ನನ್ನ ಮಾತು ಮಾತೇ."

ರಬ್ಬರು ಕೂರಿಸಿ ಕ್ಲಿಪ್ಪು ಬಿಗಿದಾಗ ಗಂಡ ಬಾನೆಟ್ಟಿನ ಮೇಲೆ ಕೈ ಇಟ್ಟು ಕಾದ. "ಲೆಕ್ಕ?"

ಅವಳು ಬೋರ್ಡು ನೋಡಲಿಲ್ಲ. ಇಂಜಿನ್ನಿನ ಒಂದೊಂದು ಮೂಲೆಗೂ ಕೈ ಹಾಕಿ, ಪ್ರತಿ ಪೈಪನ್ನೂ ಬೆರಳಿನಿಂದ ಬಡಿದು ಸದ್ದು ಕೇಳಿ, ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿ, ಎದ್ದು, ಆಮೇಲೆ "ಸರಿ ಇದೆ" ಅಂದಳು. ಕಾಲು ಗಂಟೆ ಹಿಡಿಯಿತು.

ಭಾನುವಾರ ಎಂಟೂವರೆಗೆ ಮೂವರೂ ಹೊರಟರು. ಕೆಂಪಿಯ ಹಿಂದಿನ ಸೀಟು ಎನ್ನುವುದು ಹೆಸರಿಗೆ ಮಾತ್ರ. ಮುಂದಿನ ಸೀಟು ಮಡಚಿ ಅತ್ತೆಯನ್ನು ಒಳಗೆ ತೂರಿಸಲು ಗಂಡ ತಲೆ ಬಗ್ಗಿಸಬೇಕು, ಕಾಲು ತಿರುಗಿಸಬೇಕು ಎಂದು ಹೇಳಿಕೊಡುತ್ತಿದ್ದರೆ, "ಜನರನ್ನ ತುಂಬೋದು ನಂಗೆ ಹೇಳ್ಕೊಡ್ತೀಯಾ?" ಎಂದು ಅವರು ಹೇಗೋ ಅಡ್ಡಲಾಗಿ ಕೂತರು. ಎರಡೂ ಮಂಡಿಗೆ ಪಟ್ಟಿ ಇತ್ತು. ಒಂದು ಕಂದು, ಒಂದು ಕಪ್ಪು. ಮೂರು ಸಲ ಸೋಪಿನಲ್ಲಿ ಕುದಿಸಿದರೂ ಕಪ್ಪು ಪಟ್ಟಿ ಇಂಜಿನ್ನಿನ ವಾಸನೆ ಬಿಟ್ಟಿರಲಿಲ್ಲ.

ಔಷಧಿ ಅಂಗಡಿ ಬಂತು. ಏರಿನ ಬುಡದಲ್ಲಿ ಅವಳು ಎರಡನೇ ಗೇರಿನಲ್ಲಿ ತಡೆದು, ಕನ್ನಡಿಯಲ್ಲಿ ಹಿಂದೆ ನೋಡಿದಳು. ಅತ್ತೆ ಕಿಟಕಿಯ ಗಾಜಿಗೆ ಉಂಗುರದಿಂದ ಎರಡು ಸಲ ಟಕಟಕ ಬಡಿದರು.

"ರೈಟ್!"

ಮೂರನೇ ಗೇರು. ಅವಳು ಒತ್ತಿದಳು. ಮೊದಲ ಕ್ಷಣ ಏನೂ ಆಗಲಿಲ್ಲ. ಆಮೇಲೆ ಮುಂದಿನಿಂದ ಕೇಳಿಸಿದ್ದು ಬುಸ್ ಅಲ್ಲ. ಸಣ್ಣಗೆ ಶುರುವಾಗಿ ಏರುತ್ತ ಹೋದ ಸಿಳ್ಳು. ಮೀಟರಿನ ಮುಳ್ಳು ಮೈ ಮುರಿದು ಎದ್ದು, ಕಾಲು ದಾಟಿ, ಅರ್ಧ ದಾಟಿತು. ಯಾರೋ ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟು ನೂಕಿದ ಹಾಗೆ ಕೆಂಪಿ ಮುಂದಕ್ಕೆ ಹಾರಿತು. ಅತ್ತೆ "ಅಯ್ಯಯ್ಯಯ್ಯೋ" ಎಂದದ್ದು ಹೆದರಿಕೆಗೋ ಖುಷಿಗೋ ಗೊತ್ತಾಗಲಿಲ್ಲ. ಗಂಡ ರಸ್ತೆ ನೋಡುತ್ತಿರಲಿಲ್ಲ, ಮುಳ್ಳನ್ನೇ ನೋಡುತ್ತಿದ್ದ, ಅವತ್ತು ಊಟದ ಮೇಜಿನ ಮುಂದೆ ಚಕ್ರ ತಿರುಗುವುದನ್ನು ನೋಡುತ್ತಿದ್ದ ಹಾಗೇ.

ಏರಿನ ಮಧ್ಯದಲ್ಲಿ ಕೈಚೀಲದ ಮುದುಕರು. ಗಂಡ ಕಿಟಕಿಯಿಂದ ಅರ್ಧ ಹೊರಗೆ ಬಂದು ಕೂಗಿದ:

"ತಳ್ಳಬೇಕಾ ಅಜ್ಜಾ?"

ಮುದುಕರು ಚೀಲ ಎತ್ತಿ ಏನೋ ಅಂದರು. ಅದು ಹಿಂದೆ ಉಳಿಯಿತು.

ಟ್ಯಾಂಕಿನ ಬಳಿ ಅವಳು ನಿಲ್ಲಿಸಿ ಇಂಜಿನ್ ಆರಿಸಿದಳು. ಬಿಸಿ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಕೆಳಗೆ ಊರಿನ ಛಾವಣಿಗಳು, ಒಣಹಾಕಿದ ಬಟ್ಟೆಗಳು, ಅವರ ಶೆಡ್ಡಿನ ತಗಡು. ಅವಳು ಮೀಟರಿನ ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. ಬಿಚ್ಚಿದ್ದಳು, ಹೊಲಿದಿದ್ದಳು, ಎದ್ದು ಓಡಾಡುತ್ತಿತ್ತು.

"ಹಿಂದಿನ ಸೀಟು ಮನುಷ್ಯರಿಗೆ ಮಾಡಿದ್ದಲ್ಲ," ಅಂದರು ಅತ್ತೆ. ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡು ಏರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಹತ್ತಿತು. ಒಪ್ಪಿದೆ. ಇಳಿಯುವಾಗ ನಾನು ಮುಂದೆ."

ಮಧ್ಯಾಹ್ನದ ಹೊತ್ತಿಗೆ ಕೆಂಪಿ ಹೊದಿಕೆ ಹೊದ್ದು ಬೀದಿಯಲ್ಲಿ ನಿಂತಿತ್ತು. ಲೇತಣ್ಣನೂ ಬಂದು ಮೇಜು ಎತ್ತಲು ಕೈ ಹಾಕಿದ. ಗೇರ್‌ಬಾಕ್ಸಿನ ದುಃಖವನ್ನು ಎರಡು ಲೋಟ ಕಾಫಿಯಲ್ಲಿ ನುಂಗಿಕೊಂಡ. ಮೇಜು ಹೋದ ಮೇಲೆ ಹಜಾರ ಎಷ್ಟು ಅಗಲವಾಗಿ ಕಂಡಿತೆಂದರೆ, ಸಂಜೆಯವರೆಗೂ ಎಲ್ಲರೂ ಅಭ್ಯಾಸಬಲದಿಂದ ಅಡ್ಡಡ್ಡವೇ ನಡೆದರು.

ನಾಲ್ಕಕ್ಕೆ ಅತ್ತೆಯ ಗೆಳತಿಯರು ಬಂದರು. ಬೋರ್ಡು ಗೋಡೆಯ ಮೇಲೇ ಉಳಿದಿತ್ತು. ಅಂಕ ಬರೆಯಲು ಬೇಕು ಎಂದಿದ್ದರು ಅತ್ತೆ. ಸಿಸ್ಟರ್ ಅದನ್ನು ಒರೆಸಿದಳು. ಹದಿನೈದು ನಂಬರುಗಳೂ ಹೋದವು. ಕೆಳಗೆ ಮಾತ್ರ ಒಂದು ಸಾಲು ಹೊಸದಾಗಿ ಬರೆದಿಟ್ಟಳು: ಟಿಕೆಟ್ ಇಲ್ಲದೆ ಹೋದದ್ದು, ಒಂದು. ನರ್ಸುಗಳ ಮುಂದಿನ ಪಾಠದಲ್ಲಿ ಅದನ್ನೂ ಹೇಳಬೇಕು ಎಂದುಕೊಂಡಳು. ಅವರು ನಗುತ್ತಾರೆ. ನಗಲಿ.

ಎರಡೂ ಮಂಡಿಗೆ ಪಟ್ಟಿ ಇದ್ದರೂ ಅತ್ತೆ ಮೊದಲ ಆಟ ಹನ್ನೊಂದು ನಾಲ್ಕರಲ್ಲಿ ಸೋತರು.

"ಈ ಶೆಡ್ಡಿನ ನೆಲ ಓರೆ," ಅಂದರು.

"ನೆಲ ನೆಟ್ಟಗಿದೆಯಮ್ಮ, ಅಳೆದೇ ಇಂಜಿನ್ ಇಳಿಸಿದ್ದು," ಅಂದ ಮಗ.

"ಹಾಗಾದ್ರೆ ಚೆಂಡು ಸರಿ ಇಲ್ಲ. ಇನ್ನೊಂದು ಕೊಡು. ಎಷ್ಟಿದ್ವು?"

"ಆರು."

ಅತ್ತೆ ಡಬ್ಬಿ ಬಗ್ಗಿಸಿ ನೋಡಿದರು. ಕೈಯಲ್ಲಿದ್ದದ್ದೂ ಸೇರಿ ಐದೇ ಇದ್ದವು. ಮೇಜಿನ ಕೆಳಗೆ ಇರಲಿಲ್ಲ, ಮೂಲೆಯಲ್ಲೂ ಇರಲಿಲ್ಲ. ಶೆಡ್ಡಿನಲ್ಲಿದ್ದ ಐದೂ ಜನ ಒಬ್ಬೊಬ್ಬರಾಗಿ ಸಿಸ್ಟರಿನ ಕಡೆ ತಿರುಗಿದರು.

"ನಾನು ಮುಟ್ಟೇ ಇಲ್ಲ," ಅಂದಳು ಅವಳು.

ಆದರೂ ಎದ್ದು ಬೀದಿಗೆ ಹೋಗಿ, ಕೆಂಪಿಯ ಹೊದಿಕೆ ಸರಿಸಿ, ಬಾನೆಟ್ ಎತ್ತಿ ನೋಡಿ ಬಂದಳು.